ಹೆದರಿಕೆಗಳ ಹಾಜರಿ ಪುಸ್ತಕ

ಅಕ್ಕ ತುಮಕೂರು ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಒಂಬತ್ತನೇ ತರಗತಿ ಮಹಡಿಯ ಮೇಲಿತ್ತು. 2022ರ ಮೇ ತಿಂಗಳಲ್ಲಿ ಶಾಲೆ ಶುರುವಾದಾಗ ಹೆಡ್‌ಮಾಸ್ಟರು, ಯಾರೂ ಕೇಳದಿದ್ದರೂ, ಆ ತರಗತಿಯನ್ನು ಕೆಳಗಿಳಿಸಿದರು. ಮೇಡಂಗೆ ಮೆಟ್ಟಿಲು ಹತ್ತೋದು ಕಷ್ಟ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಮಕ್ಕಳು ಒಂದೊಂದೇ ಬೆಂಚು ಹೊತ್ತುಕೊಂಡು ಮೆಟ್ಟಿಲಿಳಿಯುವುದನ್ನು ಅಕ್ಕ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದ್ದಳು. ಅವತ್ತು ಸಂಜೆ ಮನೆಗೆ ಬಂದವಳು ಬ್ಯಾಗು ಕೂಡ ಇಳಿಸದೆ ಅರ್ಧ ಗಂಟೆ ಸುಮ್ಮನೆ ಕೂತಿದ್ದಳಂತೆ.

ಆಗ ಅವಳಿಗೆ ನಲವತ್ತೆರಡು ವರ್ಷ. ಐದಡಿ ಎರಡಿಂಚು ಎತ್ತರ, 112 ಕಿಲೋ ತೂಕ. ಬಿಎಂಐ ಲೆಕ್ಕದಲ್ಲಿ 45. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿ, ಮಾತ್ರೆಗಳ ಜೊತೆ ಇನ್ಸುಲಿನ್ ಕೂಡ ಸೇರಿಕೊಂಡಿತ್ತು. ರಾತ್ರಿಯ ಗೊರಕೆಗೆ ಭಾವ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳಲು ಶುರು ಮಾಡಿ ಎಷ್ಟೋ ಕಾಲವಾಗಿತ್ತು. ಆಗಸ್ಟ್‌ನಲ್ಲಿ ಸಕ್ಕರೆ ಡಾಕ್ಟರು ಚೀಟಿ ಬರೆಯುತ್ತಾ ತಲೆಯೆತ್ತದೆ, ‘ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ಒಂದ್ಸಲ ಯೋಚನೆ ಮಾಡಿ ಮೇಡಂ’ ಎಂದರು. ಆ ಮಾತಿಗೂ ಆಪರೇಷನ್ನಿಗೂ ನಡುವೆ ಹದಿನಾಲ್ಕು ತಿಂಗಳು ಹಿಡಿಯಿತು. ನಾನು ಹೇಳಬೇಕಿರುವುದು ಆಪರೇಷನ್ನಿನ ಕಥೆಗಿಂತ ಹೆಚ್ಚಾಗಿ ಆ ಹದಿನಾಲ್ಕು ತಿಂಗಳ ಕಥೆ.

ಮೊದಲು ಅಡ್ಡ ನಿಂತವಳು ತಂಗಿಯಾದ ನಾನೇ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡಿದ್ದರು. ಟೀವಿಯಲ್ಲಿ ದಿನಗಟ್ಟಲೆ ಅದೇ ಸುದ್ದಿ. ಅಕ್ಕ ಫೋನಿನಲ್ಲಿ ‘ಸರ್ಜರಿ’ ಎಂದ ಕೂಡಲೇ ಆ ಸುದ್ದಿಯ ಲಿಂಕುಗಳನ್ನೆಲ್ಲ ಹುಡುಕಿ ವಾಟ್ಸ್‌ಆ್ಯಪಿಗೆ ಕಳಿಸಿದೆ. ಆ ಹುಡುಗಿ ಮಾಡಿಸಿಕೊಂಡದ್ದಕ್ಕೂ ಅಕ್ಕನಿಗೆ ಹೇಳಿದ್ದಕ್ಕೂ ಸಂಬಂಧವಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ ಅನ್ನುವುದು ಹೆಚ್ಚು ನಿಜ.

ಚರ್ಮದಡಿಯ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು ಲೈಪೊಸಕ್ಷನ್. ಅದು ಮೈಯ ಆಕಾರ ತಿದ್ದುವ ಕೆಲಸ, ಬೊಜ್ಜಿನ ಕಾಯಿಲೆಗೆ ಮದ್ದಲ್ಲ. ಬೇರಿಯಾಟ್ರಿಕ್‌ನಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ಜಠರವನ್ನೇ ಬದಲಾಯಿಸುತ್ತಾರೆ. ‘ಸ್ಲೀವ್’ ಎಂಬ ಬಗೆಯಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ‘ಬೈಪಾಸ್’ನಲ್ಲಾದರೆ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ.

ಇದನ್ನೆಲ್ಲ ನನಗಿಂತ ಮೊದಲು ತಿಳಿದುಕೊಂಡವಳು ಅಕ್ಕ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ, ಮಕ್ಕಳ ಹೆಸರು ಬರೆಯುವ ಜಾಗದಲ್ಲಿ, ತನ್ನ ಹೆದರಿಕೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿಟ್ಟಿದ್ದಳು. ಹನ್ನೊಂದು ಇದ್ದವು. ತಿಂಗಳಿಗೊಂದು ಸಲ ಹಾಜರಿ ಕರೆಯುವಳು. ಇನ್ನೂ ಕಾಡುತ್ತಿದ್ದರೆ ಟಿಕ್, ಇಲ್ಲದಿದ್ದರೆ ಗೈರು. ತಮಾಷೆಗೆ ಶುರುವಾದದ್ದು, ಆಮೇಲೆ ಅದೇ ಕೈದೀಪವಾಯಿತು.

ಒಂದನೇ ನಂಬರು: ‘ಟೇಬಲ್ ಮೇಲೇ ಹೋಗಿಬಿಟ್ಟರೆ?’

ಇದಕ್ಕೆ ಉತ್ತರ ಅಂಕಿಗಳಲ್ಲಿತ್ತು. ಅಂಕಿ ಅಕ್ಕನ ಭಾಷೆ. ಅಮೆರಿಕದಲ್ಲಿ ಮೊದಲ ಸಲ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ದಿನದೊಳಗೆ ತೀರಿಕೊಂಡವರು ಶೇ 0.3. ಸಾವಿರಕ್ಕೆ ಮೂರು. ಬೇರೆಯವರಾದರೆ ‘ಸದ್ಯ, ಅಷ್ಟೇ ತಾನೆ’ ಎಂದು ಉಸಿರು ಬಿಡುತ್ತಿದ್ದರು. ಅಕ್ಕ ಸರ್ಜನ್ನರ ಎದುರು ಕೂತು, ‘ಆ ಮೂವರು ಯಾರು ಸಾರ್? ಎಂಥವರು?’ ಎಂದು ಕೇಳಿದಳು. ಅವರು ಪೆನ್ನು ಕೆಳಗಿಟ್ಟು ಉತ್ತರಿಸಿದರು: ಕಾಲಿನ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದವರು, ಓಡಾಡಲಾಗದವರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ಇಂಥವರಿಗೆ ತೊಡಕು ಹೆಚ್ಚು. ಮೂರನೆಯದು ಅಕ್ಕನೇ! ಸ್ಲೀಪ್ ಸ್ಟಡಿ ಮಾಡಿಸಿದರು. ಸಿಪ್ಯಾಪ್ ಎಂಬ ಗಾಳಿಯೂದುವ ಮುಖವಾಡ ಹಾಕಿಕೊಂಡು ನಾಲ್ಕು ತಿಂಗಳು ಮಲಗಿದಳು. ದಿನಾ ಸಂಜೆ ಅಮಾನಿಕೆರೆ ಪಾರ್ಕಿನಲ್ಲಿ ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು ನಿಮಿಷ ನಡೆದಳು. ಹೆದರಿಕೆಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು. ಭಾವ ಮತ್ತೆ ಮಂಚಕ್ಕೆ ಮರಳಿದ್ದು ಲಾಭದ ಬಾಬತ್ತು.

ಲೆಕ್ಕದ ಇನ್ನೊಂದು ಕಾಲಮ್ಮೂ ಇತ್ತು: ಮಾಡಿಸಿಕೊಳ್ಳದಿದ್ದರೆ? ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡು ಸಾವಿರ ಜನರನ್ನೂ ಮಾಡಿಸಿಕೊಳ್ಳದ ಅಷ್ಟೇ ಜನರನ್ನೂ ದಶಕಗಟ್ಟಲೆ ಹಿಂಬಾಲಿಸಿದೆ. 2020ರ ವರದಿಯ ಪ್ರಕಾರ ಮಾಡಿಸಿಕೊಂಡವರ ಆಯಸ್ಸು ಸುಮಾರು ಮೂರು ವರ್ಷ ಹೆಚ್ಚು. ಆದರೆ ದೇಶದ ಉಳಿದ ಜನರಿಗೆ ಹೋಲಿಸಿದರೆ ಆಗಲೂ ಐದೂವರೆ ವರ್ಷ ಕಮ್ಮಿಯೇ. ಅಕ್ಕನಿಗೆ ಧೈರ್ಯ ಕೊಟ್ಟದ್ದು, ವಿಚಿತ್ರವೆಂದರೆ, ಈ ಎರಡನೇ ಮಾತು. ‘ಇವ್ರು ಸುಳ್ಳು ಹೇಳ್ತಿಲ್ಲ ಕಣೇ’ ಎಂದಳು. ಒಂದನೇ ನಂಬರಿಗೆ ಗೈರು ಬಿತ್ತು.

ಆದರೂ ದಿನಾಂಕ ಗೊತ್ತುಮಾಡಲಿಲ್ಲ. ಮೂರು ತಿಂಗಳು ಕಳೆಯಿತು. ಭಾವ ಉತ್ತೇಜನಕ್ಕೆಂದು ದೊಡ್ಡವರ ಹೆಸರು ಹೇಳಿದರು: 2011ರಲ್ಲಿ ನಿತಿನ್ ಗಡ್ಕರಿ ಮಾಡಿಸಿಕೊಂಡರು, 2014ರಲ್ಲಿ ಹಣಕಾಸು ಸಚಿವರಾಗಿದ್ದಾಗಲೇ ಅರುಣ್ ಜೇಟ್ಲಿ ಮಾಡಿಸಿಕೊಂಡರು ಅಂತ. ‘ಅವರನ್ನ ಯಾರೂ ಮದುವೆ ಮನೇಲಿ ಊಟಕ್ಕೆ ಕೂತಾಗ ಎಲೆ ಬಗ್ಗಿ ನೋಡಲ್ಲ ರೀ’ ಎಂದಳು ಅಕ್ಕ.

ನಾಲ್ಕನೇ ನಂಬರು ಹೊರಗೆ ಬಂದದ್ದು ಹಾಗೆ. ‘ಬಾಯಿ ಕಟ್ಟೋಕೆ ಆಗ್ದೆ ಹೊಟ್ಟೆ ಕೊಯ್ಸ್ಕೊಂಡ್ಲು ಅಂತಾರೆ.’

ನಮ್ಮ ಕಡೆ ಉಪದೇಶ ಪುಕ್ಕಟೆ. ರಾತ್ರಿ ಅನ್ನ ಬಿಡು ಎಂದರು ಚಿಕ್ಕಮ್ಮ, ಬಿಸಿನೀರಿಗೆ ಜೇನು ಬೆರೆಸು ಎಂದರು ಪಕ್ಕದ ಮನೆಯವರು. ಅಕ್ಕ ಎಲ್ಲವನ್ನೂ ಮಾಡಿದ್ದಳು. 2014ರಲ್ಲಿ ಹದಿನಾಲ್ಕು ಕಿಲೋ ಇಳಿಸಿದಳು, ಎರಡು ವರ್ಷದಲ್ಲಿ ಹದಿನೇಳು ಏರಿತು. ಏರಿದ್ದಕ್ಕೆ ಕಾರಣ ತನ್ನ ನಾಲಗೆಯೇ ಎಂದು ಅವಳೂ ನಂಬಿದ್ದಳು, ನಾವೂ ನಂಬಿದ್ದೆವು. ಆಹಾರತಜ್ಞೆ ಅವಳಿಗೊಂದು ವಿಷಯ ಹೇಳಿದರು. ಆಸ್ಟ್ರೇಲಿಯಾದಲ್ಲಿ 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿ ತೂಕ ಇಳಿಸಿದರು. ವರ್ಷವಾದ ಮೇಲೆ ರಕ್ತ ಪರೀಕ್ಷಿಸಿದರೆ ಹಸಿವಿನ ಹಾರ್ಮೋನು ಮೊದಲಿಗಿಂತ ಮೇಲೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಕೆಳಗೇ ಇದ್ದವು. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಳೆದುಕೊಂಡ ತೂಕವನ್ನು ಮೈ ಸಾಲದಂತೆ ವಸೂಲು ಮಾಡುತ್ತದೆ. ವಾಪಸ್ ಬರುವಾಗ ಅಕ್ಕ ಕಾರಿನಲ್ಲಿ ನೆಲಮಂಗಲ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, ‘ಹಾಗಾದ್ರೆ 2014ರಲ್ಲಿ ನಾನು ಕದ್ದು ತಿಂದಿರ್ಲಿಲ್ಲ ಅಲ್ವಾ?’ ಎಂದು ಕೇಳಿದಳು. ನನ್ನನ್ನಲ್ಲ, ತನ್ನನ್ನೇ.

ಎಲ್ಲ ಹೆದರಿಕೆಯನ್ನೂ ಗೆಲ್ಲಲೇಬೇಕು ಎಂದು ಹೊರಟಿದ್ದರೆ ಮೋಸ ಹೋಗುತ್ತಿದ್ದೆವು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಡಾಕ್ಟರು ಸಿಕ್ಕಿದ್ದು ಏಳು ನಿಮಿಷ, ಪ್ಯಾಕೇಜಿನ ವಿವರ ಹೇಳುವ ಹುಡುಗ ಸಿಕ್ಕಿದ್ದು ನಲವತ್ತು ನಿಮಿಷ. ಶನಿವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದ. ಗೋಡೆ ತುಂಬ ‘ಮೊದಲು–ಆಮೇಲೆ’ ಫೋಟೊ. ಅಕ್ಕನ ಅಂಗೈ ಬೆವರಿತು, ಎದ್ದು ಬಂದಳು. ಆ ಬೆವರನ್ನು ನಾನು ಪುಕ್ಕಲುತನ ಎಂದುಕೊಂಡೆ. ಈಗ ಅನ್ನಿಸುತ್ತದೆ, ಅವತ್ತು ಆ ಕೋಣೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ.

ಎರಡನೇ ಆಸ್ಪತ್ರೆಯಲ್ಲಿ ಅವಸರವಿರಲಿಲ್ಲ. ಎಂಡೋಸ್ಕೋಪಿ, ಸ್ಕ್ಯಾನಿಂಗು ಆದ ಮೇಲೆ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು. ‘ಬೇಜಾರಾದಾಗ ತಿನ್ನೋದು ಬಿಟ್ಟು ಇನ್ನೇನು ಮಾಡ್ತೀರಿ?’ ಎಂದು ಅವರು ಕೇಳಿದ್ದಕ್ಕೆ ಅಕ್ಕನ ಬಳಿ ಉತ್ತರವಿರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಕೋಡುಬಳೆ ಡಬ್ಬ ಇಟ್ಟುಕೊಳ್ಳುವವಳು ಅವಳು. ಮನೆಗೆ ಬಂದು ಹನ್ನೆರಡನೇ ನಂಬರು ಸೇರಿಸಿದಳು.

ಅಲ್ಲಿ ತಿಂಗಳಿಗೊಮ್ಮೆ ಹಳೆಯ ರೋಗಿಗಳೂ ಹೊಸಬರೂ ಸೇರುವ ಪದ್ಧತಿ. ನಾಲ್ಕು ವರ್ಷದ ಹಿಂದೆ ಬೈಪಾಸ್ ಆಗಿದ್ದ ಹಿರಿಯೂರು ಕಡೆಯ ಬಸ್ ಕಂಡಕ್ಟರ್ ಒಬ್ಬರು ಬಂದಿದ್ದರು. ನಲವತ್ತು ಕಿಲೋ ಇಳಿದು ಒಂಬತ್ತು ವಾಪಸ್ ಬಂದಿದೆ ಎಂದು ಟಿಕೆಟ್ ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು. ‘ಮೂರನೇ ತಿಂಗಳು ಬಾಚಣಿಗೆ ತುಂಬ ಕೂದ್ಲು. ಹೆದರ್ಬೇಡಿ, ಬರ್ತದೆ. ಹಬ್ಬದ ದಿನ ಆಸೆಪಟ್ಟು ಅರ್ಧ ಒಬ್ಬಟ್ಟು ತಿಂದೆ, ಎದೆ ಢವಢವ, ಮೈಯೆಲ್ಲ ಬೆವ್ರು, ಹೋಗಿ ಮಲಗಿಬಿಟ್ಟೆ.’ ಬೈಪಾಸ್ ಆದವರಿಗೆ ಸಿಹಿ ಸರ್ರನೆ ಕರುಳಿಗಿಳಿದು ಹೀಗಾಗುವುದುಂಟು, ‘ಡಂಪಿಂಗ್’ ಎನ್ನುತ್ತಾರೆ. ಗೋಡೆ ತುಂಬ ಇದ್ದ ಫೋಟೊಗಳು ಮಾಡದ್ದನ್ನು ಆ ಅರ್ಧ ಒಬ್ಬಟ್ಟು ಮಾಡಿತು. ಅಕ್ಕ ಅವರ ನಂಬರು ತೆಗೆದುಕೊಂಡಳು.

ದುಡ್ಡಿನದು ಎಂಟನೇ ನಂಬರು. ಭಾವನ ವಿಮೆಯಲ್ಲಿ ‘ಬೊಜ್ಜಿಗೆ ಪರಿಹಾರವಿಲ್ಲ’ ಎಂದಿರುತ್ತದೆಂದು ನಾವೇ ಊಹಿಸಿಕೊಂಡಿದ್ದೆವು. ಓದಿರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದ ಪ್ರಕಾರ, ವೈದ್ಯರ ಸಲಹೆಯಿದ್ದು, ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ಉಸಿರುಕಟ್ಟುವಿಕೆಯಂಥ ತೊಂದರೆಗಳಿದ್ದರೆ, ಆ ಹೊರಗಿಡುವ ಷರತ್ತು ಅನ್ವಯಿಸುವುದಿಲ್ಲ. ಕಾಗದಪತ್ರ ಎರಡು ಸಲ ವಾಪಸ್ ಬಂದು ಮೂರನೇ ಸಲ ಒಪ್ಪಿಗೆಯಾಯಿತು.

2023ರ ಅಕ್ಟೋಬರ್, ದಸರಾ ರಜೆ. ಯಕೃತ್ತು ಕುಗ್ಗಲೆಂದು ಅದಕ್ಕೆ ಮೊದಲು ಎರಡು ವಾರ ಬರೀ ಪ್ರೋಟೀನ್ ಪುಡಿ, ಮಜ್ಜಿಗೆ, ತಿಳಿಸಾರು. ಹಿಂದಿನ ರಾತ್ರಿ ಆಸ್ಪತ್ರೆಯ ಕೋಣೆಯಲ್ಲಿ ನಾನು ಮತ್ತೆ ಶುರು ಮಾಡಿದೆ: ಇನ್ನೂ ಆರು ತಿಂಗಳು ನೋಡೋಣ, ನಿನ್ನ ಮಗಳ ಎಸ್ಸೆಸ್ಸೆಲ್ಸಿ ಮುಗಿಯಲಿ. ಅಕ್ಕ ಕಾಲಿಗೆ ಬಿಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ‘ನಿನ್ ಹೆದ್ರಿಕೆಗೆ ಬೇರೆ ಪುಸ್ತಕ ತಗೋ. ನನ್ ಪುಸ್ತಕದಲ್ಲಿ ಬರೀಬೇಡ.’ ಅಷ್ಟೇ ಹೇಳಿ ದೀಪ ಆರಿಸಿದಳು. ಹದಿನಾಲ್ಕು ತಿಂಗಳು ಅಕ್ಕನ ಬಗೆಗಿನ ಕಾಳಜಿ ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ನನ್ನದೇ ಗಾಬರಿಯಾಗಿತ್ತು ಎಂದು ಕತ್ತಲಲ್ಲಿ ಲೆಕ್ಕ ಹಾಕುತ್ತಾ ಮಲಗಿದ್ದೆ.

ಸ್ಲೀವ್ ಮಾಡಿದರು. ಅದೇ ಸಂಜೆ ನರ್ಸು ಎಬ್ಬಿಸಿ ಕಾರಿಡಾರಿನಲ್ಲಿ ನಡೆಸಿದಳು, ರಕ್ತ ಹೆಪ್ಪುಗಟ್ಟಬಾರದೆಂದು. ಮಾರನೇ ದಿನದಿಂದ ಔಷಧಿಯ ಪುಟ್ಟ ಲೋಟದಲ್ಲಿ 30 ಮಿಲಿಲೀಟರ್ ನೀರು, ಗುಟುಕು ಗುಟುಕಾಗಿ, ಹದಿನೈದು ನಿಮಿಷಕ್ಕೊಂದು ಸಲ. ಚಿಕ್ಕಂದಿನಲ್ಲಿ ಗುಬ್ಬಿ ಮರಿಗೆ ಅಕ್ಕ ನೀರು ಕುಡಿಸುತ್ತಿದ್ದದ್ದು ನೆನಪಾಯಿತು.

ಎರಡನೇ ವಾರ ಪಕ್ಕದ ಮನೆಯ ಇಂಗಿನ ಒಗ್ಗರಣೆ ವಾಸನೆಗೆ ಅತ್ತುಬಿಟ್ಟಳು. ಯಾಕಾದರೂ ಮಾಡಿಸಿಕೊಂಡೆನೋ ಎಂದಳು. ಯಾರೂ ಮುಂಚೆ ಹೇಳದೆ ಇದ್ದದ್ದು ಇದೊಂದನ್ನೇ. ಹಿರಿಯೂರಿನವರಿಗೆ ಫೋನ್ ಮಾಡಿದಳು. ‘ನಂಗೂ ಆಗಿತ್ತು’ ಎಂದು ಅವರು ಆ ಕಡೆ ನಕ್ಕರಂತೆ. ಮೂರನೇ ತಿಂಗಳು ಬಾಚಣಿಗೆಯೂ ತುಂಬಿತು, ಕಬ್ಬಿಣಾಂಶವೂ ಇಳಿಯಿತು. ಬಿ12, ಕ್ಯಾಲ್ಸಿಯಂ, ಡಿ ವಿಟಮಿನ್ ಬದುಕಿರುವವರೆಗೂ ತಪ್ಪಿಸುವಂತಿಲ್ಲ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಮುದ್ದೆ ನುಂಗುತ್ತಿದ್ದ ಬಾಯಿ ಈಗ ಚೂರುಚೂರಾಗಿ ಅಗಿಯುತ್ತದೆ, ನಮ್ಮಪ್ಪ ಅದನ್ನು ನೋಡಲಾಗದೆ ಬೇರೆ ಕಡೆ ತಿರುಗಿ ಕೂರುತ್ತಾರೆ.

ವರ್ಷಕ್ಕೆ 112 ಹೋಗಿ 79 ಆಯಿತು. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಇಂಜೆಕ್ಷನ್ ಭಾರತಕ್ಕೆ ಬಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಸ್ವಲ್ಪ ತಡ್ಕೊಂಡಿದ್ರೆ ವಾರಕ್ಕೊಂದು ಸೂಜೀಲೇ ಆಗ್ತಿತ್ತಲ್ಲ ಮೇಡಂ’ ಎಂದರು. ಆಗುತ್ತಿತ್ತೇನೋ. ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮರಳುತ್ತದೆ, ತಿಂಗಳ ಖರ್ಚೂ ಸಣ್ಣದಲ್ಲ. ಆದರೂ ಅಕ್ಕ ವಾದಕ್ಕೆ ಇಳಿಯಲಿಲ್ಲ. ಅವರ ಸಕ್ಕರೆ ಎಷ್ಟಿದೆ ಎಂದು ಕೇಳಿದಳಂತೆ.

ಹಾಜರಿ ಪುಸ್ತಕ ಈಗಲೂ ಟೀವಿ ಪಕ್ಕದಲ್ಲಿದೆ. ಏಳನೇ ನಂಬರು, ‘ಮತ್ತೆ ದಪ್ಪ ಆದ್ರೆ?’, ಒಂದು ತಿಂಗಳೂ ಗೈರಾಗಿಲ್ಲ. ಹೋದ ಸಲ ನಾನು ಹೋದಾಗ ತೂಕ 82 ಇತ್ತು, ಟಿಕ್ ತುಸು ಒತ್ತಿಯೇ ಬಿದ್ದಿತ್ತು. ಕೋಡುಬಳೆ ಡಬ್ಬದಲ್ಲಿ ಈಗ ಕ್ರೋಶಾ ದಾರದ ಉಂಡೆಗಳು. ತಳದಲ್ಲಿ ನಾಲ್ಕು ಕೋಡುಬಳೆಯೂ ಇದ್ದವು, ಅದನ್ನು ಅವಳು ಮುಚ್ಚಿಡಲಿಲ್ಲ.

2024ರಲ್ಲಿ ಶಾಲೆ ಶುರುವಾದಾಗ ಅಕ್ಕ ಹೆಡ್‌ಮಾಸ್ಟರ ಬಳಿ ಹೋಗಿ ಒಂಬತ್ತನೇ ತರಗತಿಯನ್ನು ಮತ್ತೆ ಮಹಡಿಗೆ ಹಾಕಿಸಿಕೊಂಡಳು. ಬೆಂಚು ಹೊರುವ ಕೆಲಸ ಆ ವರ್ಷದ ಮಕ್ಕಳ ಪಾಲಿಗೆ ಬಂತು. ‘ಕೆಳಗಡೆ ಫ್ಯಾನ್ ಇತ್ತು ಮಿಸ್, ಅಲ್ಲೇ ಚೆನ್ನಾಗಿತ್ತು’ ಎಂದು ಅವರು ದಾರಿಯುದ್ದಕ್ಕೂ ಗೊಣಗಿದರಂತೆ.