ಕಳೆದ ಹಣದ ಬೆನ್ನು ಬಿಡುವುದು: ಆನ್‌ಲೈನ್ ಜೂಜಿನಿಂದ ಬಿಡುಗಡೆಯ ದಾರಿ

ಕಳೆದ ವರ್ಷ ಮಠದ ಆರೋಗ್ಯ ತಪಾಸಣಾ ಶಿಬಿರಕ್ಕೆ ಬಂದಿದ್ದ ಹಿರಿಯ ರೈತರೊಬ್ಬರು ರಕ್ತದೊತ್ತಡಕ್ಕೆ ಮಾತ್ರೆ ಕೇಳಿದರು. ನಿದ್ರೆ ಹೇಗಿದೆ ಎಂದು ನಾವು ವಿಚಾರಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮಗನ ವಿಷಯ ತೆಗೆದರು. ಪಟ್ಟಣದಲ್ಲಿ ನೌಕರಿಯಲ್ಲಿದ್ದ ಮಗ ಮೊಬೈಲಿನಲ್ಲಿ ರಮ್ಮಿ ಆಡುತ್ತ, ಕ್ರಿಕೆಟ್ ಪಂದ್ಯಗಳಿಗೆ ಹಣ ಕಟ್ಟುತ್ತ ಸಾಲಕ್ಕೆ ಬಿದ್ದಿದ್ದನು. ಮೊದಲ ಸಲ ಮೆಕ್ಕೆಜೋಳ ಮಾರಿದ ಹಣದಿಂದ ಸಾಲ ತೀರಿತು. ಎರಡನೆಯ ಸಲ ಸೊಸೆಯ ಬಂಗಾರ ಅಡವಿಗೆ ಹೋಯಿತು. ಈಗ ಮೂರನೆಯ ಸರದಿ. “ದೇವರ ಮುಂದ ಆಣೆ ಮಾಡಿದ್ದನ್ರೀ, ಆದ್ರೂ ಆಡ್ಯಾನ. ಹೊಲ ಮಾರಿ ತೀರಿಸಿದ್ರ ಈ ಸಲ ಬಿಡ್ತಾನೇನ್ರೀ?” ಎಂಬುದು ಆ ತಂದೆಯ ಪ್ರಶ್ನೆ. ಇದೇ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಇರುವುದರಿಂದ, ಅದಕ್ಕೆ ಉತ್ತರವನ್ನು ಸದ್ಭಕ್ತರ ಮುಂದಿಡಲು ನಾವು ಬಯಸುತ್ತೇವೆ.

ದುರ್ನಡತೆಯೋ, ರೋಗವೋ?

ಜೂಜಿನ ಚಟವನ್ನು ಸಮಾಜ ಬಹುಕಾಲ ಕೇವಲ ದುರ್ನಡತೆಯೆಂದೇ ಭಾವಿಸಿತ್ತು. ವೈದ್ಯಶಾಸ್ತ್ರವು ಇಂದು ಅದನ್ನು ಮದ್ಯವ್ಯಸನದ ಸಾಲಿನಲ್ಲಿರಿಸುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಜೂಜಿನ ವ್ಯಸನವು ಒಂದು ಕಾಯಿಲೆಯಾಗಿ ದಾಖಲಾಗಿದೆ. ಮುಖ್ಯವಾಗಿ ಆನ್‌ಲೈನಿನಲ್ಲಿ ನಡೆಯುವ ಜೂಜಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿದೆ.

ಅದರ ಲಕ್ಷಣಗಳನ್ನು ಮನೆಯವರು ಅರಿತಿರಬೇಕು. ಆಡುವ ಮೊತ್ತವೂ ಸಮಯವೂ ಏರುತ್ತ ಹೋಗುವುದು, ನಿಲ್ಲಿಸಲು ಯತ್ನಿಸಿದಾಗ ಸಿಡಿಮಿಡಿ, ತಡರಾತ್ರಿಯವರೆಗೆ ಫೋನ್ ಹಿಡಿದು ಒಬ್ಬನೇ ಕೂರುವುದು, ಹಣದ ಬಗ್ಗೆ ಸುಳ್ಳು, ಕಾರಣ ಹೇಳದ ಕೈಸಾಲ, ಸಾಲದ ಆ್ಯಪ್‌ಗಳ ಕರೆಗಳು. ಇವೆಲ್ಲಕ್ಕಿಂತ ಮುಖ್ಯವಾದುದು, ಸೋತ ಮರುದಿನವೇ ಸೋತುದನ್ನು ಮರಳಿ ಪಡೆಯಲೆಂದು ಮತ್ತೆ ಆಡುವುದು.

ಬೇರು ಎಲ್ಲಿದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ನಡೆಸಿದ್ದರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವ ವ್ಯವಸ್ಥೆ ಅದು. ಯಾವ ಕುಕ್ಕಿಗೆ ಕಾಳು ಬೀಳುವುದೆಂದು ಹೇಳಲಾಗದಂತೆ ಮಾಡಿದಾಗ ಹಕ್ಕಿಯು ಎಡೆಬಿಡದೆ ಕುಕ್ಕುತ್ತಿತ್ತು. ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡುತ್ತಿರಲಿಲ್ಲ. ಜೂಜಿನ ಆ್ಯಪ್ ಮಾಡುವುದೂ ಇದನ್ನೇ. ಆಗೊಮ್ಮೆ ಈಗೊಮ್ಮೆ ಬರುವ ಗೆಲುವೇ ಆಟಗಾರನನ್ನು ಕಟ್ಟಿಹಾಕುವ ಹಗ್ಗ. ಹಳ್ಳಿಯ ಇಸ್ಪೀಟಿನ ಕಟ್ಟೆಗೆ ಹೋಗಲು ಹೊತ್ತು ಗೊತ್ತು ಇರುತ್ತಿತ್ತು, ನೋಡುವ ಕಣ್ಣುಗಳಿರುತ್ತಿದ್ದವು. ಮೊಬೈಲಿಗೆ ಅವೆರಡೂ ಇಲ್ಲ.

ಲೆಕ್ಕವನ್ನೂ ನೋಡೋಣ. ನಾಲ್ವರು ತಲಾ 100 ರೂಪಾಯಿ ಇಟ್ಟು ಆಡಿದರೆ ಒಟ್ಟು 400. ಆಡಿಸುವವನು ಪ್ರತಿ ಸುತ್ತಿಗೆ ನೂರಕ್ಕೆ ಹತ್ತರಂತೆ ಮುರಿದುಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಉಳಿದ ಹಣವನ್ನೆಲ್ಲ ಮತ್ತೆ ಮತ್ತೆ ಪಣಕ್ಕಿಟ್ಟರೆ ಹತ್ತು ಸುತ್ತಿನ ಕೊನೆಗೆ ನಾಲ್ವರಲ್ಲಿ ಸೇರಿ ಉಳಿಯುವುದು ಸುಮಾರು 140 ರೂಪಾಯಿ. ಗೆದ್ದವರು ಯಾರೇ ಆಗಲಿ, 260 ರೂಪಾಯಿ ಆಡದೆ ಕುಳಿತವನ ಪಾಲು. ಆಟ ಹೆಚ್ಚಿದಷ್ಟೂ ಸೋಲು ಖಚಿತ.

ಇದನ್ನು ತಿಳಿದವನೂ ಆಡುತ್ತಾನೆ. ಏಕೆಂದರೆ ಅವನು ಈಗ ಗೆಲ್ಲಲೆಂದು ಆಡುತ್ತಿಲ್ಲ. ಕಳೆದುದನ್ನು ತಂದು ಮನೆಯವರಿಗೆ ತಿಳಿಯುವ ಮೊದಲೇ ಮುಚ್ಚಿಡಲೆಂದು ಆಡುತ್ತಿದ್ದಾನೆ. ಈ ಆಸೆಯೇ ರೋಗದ ಬೇರು. ಹೋದ ಹಣ ಹೋಯಿತೆಂದು ಒಪ್ಪಿಕೊಂಡ ದಿನವೇ ಚಿಕಿತ್ಸೆಯ ಮೊದಲ ದಿನ.

ಬಿಡುವ ಕ್ರಮ

ಆಣೆ, ಪ್ರಮಾಣಗಳಿಂದ ಮಾತ್ರ ಈ ವ್ಯಸನ ಬಿಡುವುದು ವಿರಳ. ಮನಸ್ಸು ಗಟ್ಟಿಯಾಗುವವರೆಗೆ ಕಾಯದೆ, ಹಣವೂ ಆಟವೂ ಕೈಗೆ ಸಿಗದಂತೆ ಮಾಡಬೇಕು.

ಒಂದು: ನಂಬಿಕೆಯ ಒಬ್ಬರ ಮುಂದೆ ಎಲ್ಲವನ್ನೂ ಹೇಳಬೇಕು. ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟು, ಕೊಡುವ ದಿನ ಯಾವುದು ಎಂಬುದನ್ನು ಕಾಗದದ ಮೇಲೆ ಬರೆಯಬೇಕು. ಅರ್ಧ ಬಚ್ಚಿಟ್ಟರೆ, ಆ ಅರ್ಧವೇ ಮತ್ತೆ ಆಟಕ್ಕೆ ಎಳೆಯುತ್ತದೆ.

ಎರಡು: ಹಣದ ದಾರಿಯನ್ನು ಮುಚ್ಚಬೇಕು. ಕೆಲವು ತಿಂಗಳು ಸಂಬಳದ ಖಾತೆಯ ನಿರ್ವಹಣೆಯನ್ನು ಪತ್ನಿಗೋ ತಂದೆತಾಯಿಗೋ ಒಪ್ಪಿಸಬೇಕು. ಕಾರ್ಡಿನ ಆನ್‌ಲೈನ್ ವ್ಯವಹಾರವನ್ನು ನಿಲ್ಲಿಸುವ ಸೌಲಭ್ಯ ಬ್ಯಾಂಕುಗಳಲ್ಲಿದೆ. ಫೋನಿನಿಂದ ಯುಪಿಐ ತೆಗೆದುಹಾಕಿ, ದಿನದ ಖರ್ಚಿಗೆ ನಗದು ಇಟ್ಟುಕೊಳ್ಳುವುದು ಒಳಿತು.

ಮೂರು: ಆಟದ ಖಾತೆಯನ್ನು ಮುಚ್ಚಿ ಆ್ಯಪ್ ಅಳಿಸಬೇಕು. ‘ಟಿಪ್ಸ್’ ಕೊಡುವ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಂದ ಹೊರಬರಬೇಕು. ಅಗತ್ಯವಾದರೆ ಫೋನ್ ಸಂಖ್ಯೆಯನ್ನೇ ಬದಲಿಸಬೇಕು. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗಿರಲಿ.

ನಾಲ್ಕು: ಆಡುವ ತುಡಿತ ಬಂದಾಗ ಅರ್ಧ ಗಂಟೆ ತಡೆಯಬೇಕು. ತುಡಿತವು ಏರಿದಂತೆಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ನಡೆಯುವುದು, ಸ್ನಾನ, ಲಿಂಗಪೂಜೆ, ಗೆಳೆಯನಿಗೊಂದು ಕರೆ, ಯಾವುದಾದರೂ ಆಗಬಹುದು. ಒಬ್ಬನೇ ಫೋನ್ ಹಿಡಿದು ಕೂರಬಾರದು.

ಐದು: ವೈದ್ಯರನ್ನು ಕಾಣಬೇಕು. ಯೋಚನೆಯ ರೀತಿಯನ್ನು ತಿದ್ದುವ ಆಪ್ತಸಮಾಲೋಚನೆ ಈ ವ್ಯಸನಕ್ಕೆ ಫಲಕಾರಿ. ಜೊತೆಗೆ ಖಿನ್ನತೆ ಅಥವಾ ಕುಡಿತವಿದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದಲೂ ಜೂಜಿನ ತುಡಿತ ಹುಟ್ಟುವುದುಂಟು. ಅಂಥವರು ಔಷಧಿಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ ‘ಷಟ್’ ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಕಾನೂನಿನ ಭಯದಿಂದ ಯಾರೂ ಚಿಕಿತ್ಸೆಗೆ ಹಿಂಜರಿಯಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಹಣದ ಆಟಗಳನ್ನು ನಡೆಸುವವರನ್ನೂ ಜಾಹೀರಾತು ನೀಡುವವರನ್ನೂ ಶಿಕ್ಷಿಸುತ್ತದೆ. ಆಡಿ ಸೋತವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದರೆ ಕಾಯ್ದೆ ಬಂದಿತೆಂದು ಮೈಮರೆಯುವಂತಿಲ್ಲ. ಕಳ್ಳದಾರಿಯ ಆ್ಯಪ್‌ಗಳಲ್ಲಿ ಗೆದ್ದರೂ ಹಣ ಕೈಸೇರುವ ಖಾತರಿಯಿಲ್ಲ. ಮೋಸಹೋದವರು 1930ಕ್ಕೆ ಕರೆ ಮಾಡಿ ಕೂಡಲೇ ದೂರು ಕೊಡಬೇಕು.

ಮನೆಯವರ ಕರ್ತವ್ಯ

ಮಹಾಭಾರತದಲ್ಲಿ ಧರ್ಮರಾಯನು ಎರಡು ಸಲ ಜೂಜಾಡಿದನೆಂಬುದನ್ನು ನಾವು ಮರೆಯುತ್ತೇವೆ. ಮೊದಲ ಸಲ ಸೋತುದನ್ನೆಲ್ಲ ಧೃತರಾಷ್ಟ್ರನು ಮರಳಿ ಕೊಟ್ಟು ಕಳುಹಿಸಿದನು. ಮತ್ತೆ ಕರೆ ಬಂದಾಗ ಧರ್ಮರಾಯನು ಮತ್ತೆ ಹೋಗಿ ಕುಳಿತನು. ವನವಾಸವು ಆ ಎರಡನೆಯ ಆಟದ ಫಲ. ಕಳೆದುದು ಕೈಗೆ ಬಂದಮಾತ್ರಕ್ಕೆ ವ್ಯಸನ ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆದ್ದರಿಂದ ಸಾಲವನ್ನು ಗುಟ್ಟಾಗಿ, ಒಂದೇ ಗಂಟಿನಲ್ಲಿ ಮನೆಯವರು ತೀರಿಸಬಾರದು. ಹಣವನ್ನು ಅವನ ಕೈಗಂತೂ ಕೊಡಲೇಬಾರದು. ಸಾಲ ಕೊಟ್ಟವರೊಡನೆ ಕುಳಿತು ಮಾತನಾಡಿ, ಕಂತು ಗೊತ್ತುಮಾಡಿ, ಅವನ ದುಡಿಮೆಯಿಂದಲೇ ತೀರುವಂತೆ ಮಾಡಬೇಕು. ಪ್ರತಿ ತಿಂಗಳು ಬೆವರಿನಿಂದ ತೀರುವ ಸಾಲವು ಕಾಯಕದ ಬೆಲೆಯನ್ನು ಮರಳಿ ಕಲಿಸುತ್ತದೆ.

ಹೀಗೆಂದು ಅವನನ್ನು ಕೈಬಿಡಬಾರದು. ನಾಲ್ವರ ಮುಂದೆ ಹೀಯಾಳಿಸಬಾರದು. ಜೂಜಿನ ಸಾಲದಲ್ಲಿ ಮುಳುಗಿದವರಲ್ಲಿ ಸಾವಿನ ಯೋಚನೆ ಸುಳಿಯುವುದು ಹೆಚ್ಚು. “ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು” ಎಂಬ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಹಣದ ವಿಷಯದಲ್ಲಿ ಬಿಗಿ, ಮನುಷ್ಯನ ವಿಷಯದಲ್ಲಿ ಕರುಣೆ, ಇವೆರಡೂ ಜೊತೆಗಿರಬೇಕು.

ಮರಳಿ ಬೀಳದಂತೆ

ಬಿಟ್ಟ ಮೇಲಿನ ಮೊದಲ ತಿಂಗಳುಗಳು ಕಠಿಣ. ಸಂಬಳದ ದಿನ, ದೊಡ್ಡ ಕ್ರಿಕೆಟ್ ಪಂದ್ಯಾವಳಿಯ ಕಾಲ, ಮನೆಯಲ್ಲಿ ಜಗಳವಾದ ರಾತ್ರಿ, ಇವು ಅಪಾಯದ ಹೊತ್ತುಗಳು. ಆ ದಿನ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. “ಸ್ವಲ್ಪವೇ ಆಡುತ್ತೇನೆ” ಎಂಬ ರಾಜಿ ಸಲ್ಲದು. ಬರಿದಾದ ಸಂಜೆಗಳನ್ನು ತುಂಬಲು ಆಟದ ಬಯಲು, ಭಜನೆ, ದಾಸೋಹದ ಸೇವೆ, ಹೊಲದ ಕೆಲಸ ಯಾವುದಾದರೂ ಇರಲಿ. ಒಮ್ಮೆ ಎಡವಿದರೆ ಎಲ್ಲವೂ ಮುಗಿಯಿತೆಂದಲ್ಲ. ಅಂದೇ ಹೇಳಿಕೊಂಡರೆ ಅದು ಎಡವಿದ್ದು; ಮುಚ್ಚಿಟ್ಟರೆ ಅದೇ ಬೀಳುವುದು.

ಆ ಹಿರಿಯರಿಗೆ ನಾವು ಹೊಲ ಮಾರಬೇಡಿರೆಂದೇ ಹೇಳಿದೆವು; ಮಗನನ್ನು ವೈದ್ಯರ ಬಳಿ ಕರೆದೊಯ್ಯಲು ತಿಳಿಸಿದೆವು. ಈ ನಡುವೆ ಮಗ ಒಮ್ಮೆ ಎಡವಿದನು. ಆದರೆ ಆ ರಾತ್ರಿಯೇ ತಂದೆಗೆ ಫೋನ್ ಮಾಡಿ ಹೇಳಿದನು. ಸಾಲ ಇನ್ನೂ ತೀರಿಲ್ಲ, ಕಂತು ತಪ್ಪಿಲ್ಲ. ಹೊಲ ಉಳಿದಿದೆ. ಈ ವರ್ಷದ ಶಿಬಿರಕ್ಕೆ ತಂದೆ ಮಗ ಇಬ್ಬರೂ ಕೂಡಿ ಬಂದಿದ್ದರು.