ಸವೆದ ಕ್ರ್ಯಾಂಕ್‌ಶಾಫ್ಟ್: ಗ್ರೈಂಡಿಂಗಿಗೆ ಕೊಡುವ ಮುನ್ನ

ಹುಲಿಯೂರುದುರ್ಗದ ಸುತ್ತಿನ ತೋಟಗಳಲ್ಲಿ ವಿದ್ಯುತ್ ಮೋಟಾರು ಬಂದ ಮೇಲೂ ಡೀಸೆಲ್ ಎಂಜಿನ್ ಪೂರ್ತಿ ಮೂಲೆ ಸೇರಿಲ್ಲ. ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟರೆ ಅದೇ ಗತಿ. ನೀರು ತಪ್ಪಿದರೆ ಹಿಂಗಾರ ಒಣಗಿ ಎಳೆಕಾಯಿ ಉದುರುತ್ತದೆ. ಆದ್ದರಿಂದ ಲೋಡು ಬಿದ್ದಾಗ ಎಂಜಿನ್ ದಪ್ಪ ದನಿಯಲ್ಲಿ ಕುಟ್ಟತೊಡಗಿದರೆ ಬೇಸಿಗೆಗೆ ಮೊದಲೇ ಬಿಚ್ಚಿಸುವುದು ಮೇಲು.

ಬಿಚ್ಚಿದಾಗ ಬೇರಿಂಗ್ ಮಾತ್ರ ಬದಲಾಯಿಸಿ ಮುಚ್ಚುವವರಿದ್ದಾರೆ. ಪಿನ್ನು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬೇರಿಂಗ್ ಬಾಳದು. ನಮ್ಮಲ್ಲಿ ಬಹಳ ಕಾಣುವ ಕಿರ್ಲೋಸ್ಕರ್ ಎವಿ-1 ಎಂಜಿನ್ನನ್ನೇ ನೋಡಿ. ಬೋರು 80 ಮಿ.ಮೀ., ವೇಗ ನಿಮಿಷಕ್ಕೆ 1500 ಸುತ್ತು. ಉರಿಯುವಾಗಿನ ಒತ್ತಡ ಚದರ ಸೆಂ.ಮೀ.ಗೆ 60 ಕೆ.ಜಿ. ಎಂದಿಟ್ಟುಕೊಂಡರೂ ಪಿಸ್ಟನ್ ಮೇಲೆ ಸುಮಾರು 3 ಟನ್ ಭಾರ ಬೀಳುತ್ತದೆ, ಅದೂ ಗಂಟೆಗೆ 45,000 ಸಲ. ಪೆಟ್ಟು ಹೆಚ್ಚಾಗಿ ಪಿನ್ನಿನ ಒಂದೇ ಮಗ್ಗುಲಿಗೆ ಬೀಳುವುದರಿಂದ ಸವೆತವೂ ಒಂದೇ ಮಗ್ಗುಲಿಗೆ.

ಲೆಕ್ಕ ತಪ್ಪುವುದು ಇಲ್ಲೇ. ಹೊಸದರಲ್ಲಿ 50.00 ಮಿ.ಮೀ. ಇದ್ದ ಪಿನ್ನು ಈಗ ಒಂದು ಅಡ್ಡದಲ್ಲಿ 49.80 ಇದೆಯೆನ್ನೋಣ. 0.25 ಅಂಡರ್‌ಸೈಜಿಗೆ, ಅಂದರೆ 49.75ಕ್ಕೆ ಗ್ರೈಂಡ್ ಮಾಡಿದರೆ ಸಾಕೆನಿಸುತ್ತದೆ. ಆದರೆ ಆ 0.20 ಒಂದೇ ಕಡೆಯ ಸವೆತ. ಮೂಲ ಕೇಂದ್ರ ಉಳಿಸಿ ಗುಂಡಗೆ ಮಾಡಲು ಸುತ್ತಲೂ 0.20 ತೆಗೆಯಬೇಕು. ಆಗ ಉಳಿಯುವುದು 49.60. ಹಾಗಾಗಿ ಬೇಕಾದ್ದು 0.50 ಅಂಡರ್‌ಸೈಜು. ಮೈಕ್ರೋಮೀಟರ್ ಹಿಡಿದು ಎರಡು ಅಡ್ಡದಲ್ಲಿ, ಪಿನ್ನಿನ ಎರಡೂ ತುದಿಯಲ್ಲಿ ಅಳೆಸಿ. ಬೇರಿಂಗುಗಳು ಸಾಮಾನ್ಯವಾಗಿ 0.25, 0.50, 0.75, 1.00 ಅಂಡರ್‌ಸೈಜಿನಲ್ಲಿ ಬರುತ್ತವೆ. ನಿಮ್ಮ ಎಂಜಿನ್ನಿಗೆ ಎಷ್ಟರವರೆಗೆ ಸಲ್ಲುವುದೆಂದು ತಯಾರಕರ ಪುಸ್ತಕ ನೋಡಿ, ಆ ಅಳತೆಯ ಬೇರಿಂಗ್ ಕೈಗೆ ಬಂದ ಮೇಲೆಯೇ ಶಾಫ್ಟನ್ನು ಯಂತ್ರಕ್ಕೆ ಏರಿಸಬೇಕು.

ಅದಕ್ಕೂ ಮೊದಲು ಬಿರುಕು ಪರೀಕ್ಷೆ. ಕಾಂತ ಪರೀಕ್ಷೆಯ ಸೌಲಭ್ಯವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಗೆರೆ ಕಂಡ ಶಾಫ್ಟಿಗೆ ಒಂದು ಕಾಸೂ ಹಾಕಬೇಡಿ. ಸಣ್ಣ ಎಂಜಿನ್ನಿನ ಪಿನ್ನಿಗೆ ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿಸುವುದನ್ನೂ ನಾವು ಒಪ್ಪುವುದಿಲ್ಲ. ಬಿಸಿಗೆ ಉಕ್ಕಿನ ಗುಣ ಕೆಟ್ಟು ಶಾಫ್ಟ್ ಬಾಗುವ ಭಯವಿದೆ. ಲೇತಿಗೆ ಕಟ್ಟಿ ಎಮರಿ ಕಾಗದ ತಿಕ್ಕಿದರೆ ಹೊಳಪು ಬರುತ್ತದೆ, ದುಂಡು ಬರುವುದಿಲ್ಲ.

ಕೆಲಸ ಮುಗಿದ ಶಾಫ್ಟನ್ನು ಪಡೆಯುವಾಗ ಪಿನ್ನು ಮತ್ತು ಪಕ್ಕದ ತೋಳು ಸೇರುವ ಮೂಲೆಯನ್ನು ಬೆರಳಿನಿಂದ ಸವರಿ. ಅಲ್ಲಿ ನುಣ್ಣನೆಯ ಬಾಗು ಇರಲೇಬೇಕು. ಮೊನಚಾದ ಮೂಲೆಯಾಗಿದ್ದರೆ ಒತ್ತಡವೆಲ್ಲ ಅಲ್ಲೇ ಕೂಡಿ, ಬಿರುಕು ಹುಟ್ಟಿ ಶಾಫ್ಟ್ ಮುರಿಯುತ್ತದೆ. ಮುರಿದ ಶಾಫ್ಟ್ ಕನೆಕ್ಟಿಂಗ್ ರಾಡನ್ನೂ ಬ್ಲಾಕನ್ನೂ ಒಡೆದರೆ, ಉಳಿಸಿದ ದುಡ್ಡಿನ ಹಲವು ಪಟ್ಟು ಹೋಯಿತು. ಗ್ರೈಂಡಿಂಗಿನವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಅಳತೆಯ ಜೊತೆಗೆ ಚೀಟಿಯಲ್ಲಿ ಬರೆದು ಕೊಡಿ.

ಎಣ್ಣೆ ತೂತಿನ ಅಂಚು ಮೊಂಡಾಗಿರಲಿ, ಒಳದಾರಿಯನ್ನು ತಂತಿ ಬ್ರಷ್ಷು ಹಾಕಿ ತೊಳೆದು ಗಾಳಿ ಊದಿಸಿ. ಉಳಿದ ಗ್ರೈಂಡಿಂಗ್ ಪುಡಿ ಹೊಸ ಬೇರಿಂಗನ್ನು ಕೆಲವೇ ಗಂಟೆಗಳಲ್ಲಿ ತಿನ್ನುತ್ತದೆ. ಜೋಡಿಸಿದ ಮೇಲೆ ಮೊದಲು ಹಗುರ ಲೋಡಿನಲ್ಲಿ ಓಡಿಸಿ, 25 ಗಂಟೆಯೊಳಗೆ ಎಣ್ಣೆ ಬದಲಾಯಿಸಿ. ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಲೋಹದ ಚೂರು ಕಂಡರೆ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.