ಒಂದೇ ಹೆಸರು, ಹಲವು ಕರೆಗಳು



ನಮ್ಮ ಧರ್ಮೋಪದೇಶ ತರಗತಿಯಲ್ಲಿ ಹಾಜರಿ ಕರೆಯುವಾಗ ‘ಫ್ರಾನ್ಸಿಸ್’ ಎಂದರೆ ಮೂರು ಕೈಗಳು ಮೇಲೇಳುತ್ತಿದ್ದವು. ಮಕ್ಕಳೇ ಇದಕ್ಕೊಂದು ದಾರಿ ಕಂಡುಕೊಂಡಿದ್ದರು: ದೊಡ್ಡ ಫ್ರಾನ್ಸಿಸ್, ಸಣ್ಣ ಫ್ರಾನ್ಸಿಸ್, ಬೇಕರಿ ಫ್ರಾನ್ಸಿಸ್. ಒಂದು ಭಾನುವಾರ ಅವರನ್ನು ಕೇಳಿದೆ: “ನಿಮಗಿಟ್ಟಿರುವುದು ಯಾವ ಸಂತರ ಹೆಸರು?” ದೊಡ್ಡವನು, “ಹಕ್ಕಿಗಳಿಗೆ ಉಪದೇಶ ಮಾಡಿದವರದು” ಎಂದ. ಸಣ್ಣವನು, “ಗೋವೆಯಲ್ಲಿದ್ದಾರಲ್ಲ, ಅವರದು” ಎಂದ. ಮೂರನೆಯವನು ತುಸು ಯೋಚಿಸಿ, “ನಮ್ಮ ತಾತನದು” ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಮೂವರ ಉತ್ತರವೂ ಸರಿಯೇ.

ಅಂದು ಪೂಜೆ ಮುಗಿದ ಮೇಲೆ ಸಣ್ಣ ಫ್ರಾನ್ಸಿಸನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. “ಇವನು ಹೊಟ್ಟೆಯಲ್ಲಿದ್ದಾಗಲೇ ಗೋವೆಗೆ ಹೋಗಿ ಹರಕೆ ಹೊತ್ತಿದ್ದೆವು. ಗಂಡು ಮಗುವಾದರೆ ಫ್ರಾನ್ಸಿಸ್ ಕ್ಸೇವಿಯರ್ ಅಂತ ಹೆಸರಿಟ್ಟು ಸೆಮಿನರಿಗೆ ಕಳಿಸುತ್ತೇವೆ ಅಂತ. ಈಗ ನೋಡಿದರೆ ಐಟಿಐ ಸೇರುತ್ತೇನೆ ಅಂತಾನೆ. ಸಂತರಿಗೆ ಕೊಟ್ಟ ಮಾತು ತಪ್ಪಿದ ಹಾಗಾಗಲಿಲ್ಲವೇ?” ಹೇಳುತ್ತಿದ್ದಂತೆ ಅವರ ಕಣ್ಣು ತುಂಬಿತು. ಹುಡುಗ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ನಿಂತಿದ್ದ.

ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಸಂತರ ಚರಿತ್ರೆಯ ಪುಸ್ತಕಗಳನ್ನು ತೆರೆದೆ. ಫ್ರಾನ್ಸಿಸ್ ಎಂಬ ಒಂದೇ ಹೆಸರನ್ನು ಹಿಡಿದು ಹೊರಟಾಗ ಸಿಕ್ಕಿದ್ದನ್ನು ಆ ತಾಯಿಗೂ ನಿಮಗೂ ಹೇಳಬೇಕೆನಿಸಿದೆ.

ಜ್ಞಾನಸ್ನಾನದ ಹೆಸರೇ ಅಲ್ಲ

ಮೊದಲನೆಯವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1181 ಅಥವಾ 1182ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವರಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಜಿಯೊವಾನ್ನಿ, ಅಂದರೆ ಯೊವಾನ್ನ. ಆಗ ಬಟ್ಟೆ ವ್ಯಾಪಾರಿಯಾದ ತಂದೆ ಊರಲ್ಲಿರಲಿಲ್ಲ, ಫ್ರಾನ್ಸಿಗೆ ಹೋಗಿದ್ದರು. ಹಿಂದಿರುಗಿದ ಮೇಲೆ ಮಗುವನ್ನು ‘ಫ್ರಾಂಚೆಸ್ಕೊ’ ಎಂದು ಕರೆಯತೊಡಗಿದರು. ‘ಫ್ರಾನ್ಸಿನವನು’ ಎಂಬುದು ಅದರ ಅರ್ಥ. ವ್ಯಾಪಾರದಿಂದ ಬಂದ ಮುದ್ದಿನ ಹೆಸರು ಅದು, ಅದರಲ್ಲಿ ಪಾವಿತ್ರ್ಯವೇನೂ ಇರಲಿಲ್ಲ.

ಮಗನೂ ಬಟ್ಟೆ ಅಂಗಡಿ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆದರೆ ಮಗ ಧರ್ಮಾಧ್ಯಕ್ಷರ ಮುಂದೆ ತೊಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ ಬಡತನವನ್ನು ಅಪ್ಪಿಕೊಂಡರು. ದೊಡ್ಡ ಸಭೆಯೊಂದನ್ನು ಸ್ಥಾಪಿಸಿದರೂ ಅವರು ಗುರುದೀಕ್ಷೆ ಪಡೆಯಲಿಲ್ಲ. 1226ರಲ್ಲಿ ಮರಣ ಹೊಂದಿದ ಅವರನ್ನು ಎರಡೇ ವರ್ಷಗಳಲ್ಲಿ ಸಂತರೆಂದು ಸಾರಲಾಯಿತು. ಅಲ್ಲಿಂದ ಮುಂದೆ ಲೋಕದ ತಾಯಿ ತಂದೆಯರು ತಮ್ಮ ಮಕ್ಕಳಿಗೆ ಆ ಹೆಸರಿಡತೊಡಗಿದರು. ಗಮನಿಸಿ, ಹೆಸರು ಅವರನ್ನು ಸಂತರನ್ನಾಗಿ ಮಾಡಲಿಲ್ಲ, ಅವರ ಬದುಕೇ ಆ ಹೆಸರಿಗೆ ಬೆಲೆ ತಂದಿತು.

ಹರಕೆಯ ಮಗು

ಎರಡನೆಯವರ ಕಥೆಯನ್ನು ಆ ತಾಯಿ ವಿಶೇಷವಾಗಿ ಕೇಳಬೇಕು. ದಕ್ಷಿಣ ಇಟಲಿಯ ಪಾವ್ಲಾ ಎಂಬ ಊರಿನ ದಂಪತಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಅವರು ಅಸ್ಸಿಸಿಯ ಸಂತರಿಗೆ ಮೊರೆಯಿಟ್ಟರು. 1416ರಲ್ಲಿ ಹುಟ್ಟಿದ ಗಂಡು ಮಗುವಿಗೆ ಫ್ರಾನ್ಸಿಸ್ ಎಂದೇ ಹೆಸರಿಟ್ಟರು. ಹುಡುಗನಿಗೆ ಹದಿಮೂರು ವರ್ಷವಾದಾಗ ಹರಕೆಯಂತೆ ಫ್ರಾನ್ಸಿಸ್ಕನ್ ಮಠದಲ್ಲಿ ಒಂದು ವರ್ಷ ಬಿಟ್ಟರು.

ಅವನು ಅಲ್ಲೇ ಉಳಿದು ಫ್ರಾನ್ಸಿಸ್ಕನ್ ಸನ್ಯಾಸಿಯಾದನೇ? ಇಲ್ಲ. ವರ್ಷ ತುಂಬಿದ ಮೇಲೆ ಊರಿಗೆ ಮರಳಿ, ಸಮುದ್ರದ ಬಳಿಯ ಗುಹೆಯೊಂದರಲ್ಲಿ ಒಂಟಿಯಾಗಿ ಜಪತಪದಲ್ಲಿ ತೊಡಗಿದ. ಮುಂದೆ ಅವರದೇ ಬೇರೊಂದು ಸಭೆ ಬೆಳೆಯಿತು. ಅದರ ಸದಸ್ಯರು ತಮ್ಮನ್ನು ‘ಅತ್ಯಂತ ಕಿರಿಯರು’ ಎಂದು ಕರೆದುಕೊಂಡರು. ಪಾವ್ಲಾದ ಸಂತ ಫ್ರಾನ್ಸಿಸರನ್ನು 1943ರಲ್ಲಿ ಇಟಲಿಯ ನಾವಿಕರ ಪಾಲಕರೆಂದು ಪೋಪ್ ಹನ್ನೆರಡನೆಯ ಪಯಸ್ ಘೋಷಿಸಿದರು. ತಾಯಿ ತಂದೆ ಹರಕೆ ತೀರಿಸಿದರು, ಮಗನನ್ನು ದೇವರು ತಮಗೆ ಬೇಕಾದ ದಾರಿಯಲ್ಲಿ ನಡೆಸಿದರು. ಎರಡೂ ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ಬದಲಿಗೆ ಬಂದ ಮಿಷನರಿ, ಎಂಟು ಮಕ್ಕಳ ತಂದೆ

ಇನ್ನು ನಮ್ಮವರೇ ಆದ ಸಂತ ಫ್ರಾನ್ಸಿಸ್ ಕ್ಸೇವಿಯರ್. ಬೆಂಗಳೂರಿನ ಪ್ರಧಾನಾಲಯ ಇರುವುದೂ ಇವರ ಹೆಸರಿನಲ್ಲೇ. ಸ್ಪೇನಿನ ನವಾರದ ಕೋಟೆಮನೆಯಲ್ಲಿ 1506ರಲ್ಲಿ ಹುಟ್ಟಿ, ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಭಾರತಕ್ಕೆ ಬರಲು ಮೊದಲು ಆಯ್ಕೆಯಾದವರು ಇವರಲ್ಲ ಎಂಬುದು ನಿಮಗೆ ಗೊತ್ತೇ? ಹೊರಡಬೇಕಿದ್ದ ಬೊಬದಿಲ್ಯ ಎಂಬ ಗುರುಗಳು ಕಾಯಿಲೆ ಬಿದ್ದದ್ದರಿಂದ ಸಂತ ಇಗ್ನೇಷಿಯಸರು ಬದಲಿಗೆ ಇವರನ್ನು ಕಳಿಸಿದರು. 1542ರ ಮೇ 6ರಂದು ಗೋವೆ ತಲುಪಿದ ಇವರು ಮುತ್ತಿನ ತೀರದ ಬೆಸ್ತರ ನಡುವೆ, ಮಲಾಕ್ಕದಲ್ಲಿ, ಜಪಾನಿನಲ್ಲಿ ದುಡಿದರು. ಚೀನಾ ಪ್ರವೇಶಿಸುವ ಆಸೆ ಮಾತ್ರ ಈಡೇರಲಿಲ್ಲ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯೆದುರಿನ ದ್ವೀಪದಲ್ಲಿ ಪ್ರಾಣಬಿಟ್ಟರು.

ಅದೇ ಕಾಲದಲ್ಲಿ ಅದೇ ಯೇಸುಸಭೆಯಲ್ಲಿ ಇನ್ನೊಬ್ಬ ಫ್ರಾನ್ಸಿಸ್ ಇದ್ದರು: ಸಂತ ಫ್ರಾನ್ಸಿಸ್ ಬೋರ್ಜಿಯ. ಇವರು ಸ್ಪೇನಿನ ಗಾಂದಿಯ ಪ್ರಾಂತ್ಯದ ಡ್ಯೂಕ್, ಕತಲೋನಿಯದ ವೈಸರಾಯ್ ಆಗಿದ್ದವರು, ಎಂಟು ಮಕ್ಕಳ ತಂದೆ. 1546ರಲ್ಲಿ ಪತ್ನಿ ತೀರಿಕೊಂಡರು. ಕೂಡಲೇ ಎಲ್ಲವನ್ನೂ ಬಿಟ್ಟು ಹೊರಡಲಿಲ್ಲ. ಮಕ್ಕಳಿಗೊಂದು ನೆಲೆ ಮಾಡಿಕೊಟ್ಟು, ಹಿರಿಯ ಮಗನಿಗೆ ಅಧಿಕಾರ ವಹಿಸಿ, ಆಮೇಲೆ ಗುರುಗಳಾದರು. ಯೇಸುಸಭೆಯ ಮೂರನೆಯ ಮಹಾಶ್ರೇಷ್ಠರೂ ಆದರು. ಬೋರ್ಜಿಯ ಮನೆತನಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಹೆಸರಿಲ್ಲ. ಲೋಕದ ಬಾಳ್ವೆಗೆ ಟೀಕೆಗೊಳಗಾದ ಪೋಪ್ ಆರನೆಯ ಅಲೆಕ್ಸಾಂಡರ್ ಇವರ ಮುತ್ತಾತ. ಮನೆತನದ ಕಳಂಕ ಮೊಮ್ಮಗನ ಮಗನ ಪುಣ್ಯಕ್ಕೆ ಅಡ್ಡ ಬರಲಿಲ್ಲ.

ಲೇಖನಿ ಹಿಡಿದವರು

1567ರಲ್ಲಿ ಸವಾಯ್ ಪ್ರಾಂತ್ಯದಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ದೆ ಸಾಲ್ಸ್ ಅವರ ತಂದೆಗೆ ಮಗ ದೊಡ್ಡ ನ್ಯಾಯವಾದಿಯಾಗಬೇಕೆಂಬ ಹಂಬಲ. ಮಗ ಪಾದುವದಲ್ಲಿ ಕಾನೂನು ಓದಿ ಪದವಿಯನ್ನೂ ಪಡೆದರು, ಆದರೆ 1593ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು. ತಮ್ಮ ಉಪದೇಶ ಕೇಳಲು ಜನ ಬಾರದಿದ್ದಾಗ ಅದನ್ನೇ ಕರಪತ್ರಗಳಲ್ಲಿ ಬರೆದು ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸಿದರು. ಕಾನೂನು ಕಲಿತ ಬುದ್ಧಿ ವ್ಯರ್ಥವಾಗಲಿಲ್ಲ, ಬರವಣಿಗೆಗೆ ಬಂತು. ಸಂಸಾರಸ್ಥರೂ ತಮ್ಮ ತಮ್ಮ ಕೆಲಸದಲ್ಲಿದ್ದುಕೊಂಡೇ ಪವಿತ್ರರಾಗಬಹುದು ಎಂದು 1609ರಲ್ಲಿ ಪ್ರಕಟವಾದ ಅವರ ಪುಸ್ತಕ ತಿಳಿಸಿತು. 1923ರಲ್ಲಿ ಅವರನ್ನು ಪತ್ರಕರ್ತರ ಮತ್ತು ಲೇಖಕರ ಪಾಲಕರೆಂದು ಘೋಷಿಸಲಾಯಿತು. ಸಂತ ಡಾನ್ ಬಾಸ್ಕೊ ತಮ್ಮ ಸಭೆಗೆ ‘ಸಲೇಸಿಯನ್’ ಎಂದು ಹೆಸರಿಟ್ಟದ್ದು ಇವರ ಗೌರವಾರ್ಥವೇ.

ಪೂರ್ವಕ್ಕಲ್ಲ, ಪಶ್ಚಿಮಕ್ಕೆ

ಹೆಣ್ಣು ಮಕ್ಕಳೂ ಈ ಹೆಸರನ್ನು ಹೊತ್ತಿದ್ದಾರೆ. ಇಟಲಿಯಲ್ಲಿ 1850ರಲ್ಲಿ ಹುಟ್ಟಿದ ಫ್ರಾನ್ಸೆಸ್ ಕಬ್ರಿನಿ ಚಿಕ್ಕಂದಿನಲ್ಲಿ ಕಾಗದದ ದೋಣಿಗಳಲ್ಲಿ ಹೂಗಳನ್ನಿಟ್ಟು, ಇವರೆಲ್ಲ ಚೀನಾಕ್ಕೆ ಹೊರಟ ಮಿಷನರಿಗಳು ಎಂದು ನೀರಿನಲ್ಲಿ ಬಿಡುತ್ತಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಕನ್ಯಾಸ್ತ್ರೀಯಾದಾಗ ಸಂತ ಕ್ಸೇವಿಯರರ ಹೆಸರನ್ನೂ ತಮ್ಮ ಹೆಸರಿಗೆ ಸೇರಿಸಿಕೊಂಡರು. ಅವರು ತಲುಪಲಾಗದ ಚೀನಾಕ್ಕೆ ತಾವು ಹೋಗಬೇಕೆಂಬುದೇ ಇವರ ಆಸೆ. ಆದರೆ ಪೋಪ್ ಹದಿಮೂರನೆಯ ಲಿಯೋ, ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗು ಎಂದರು. ಅಮೆರಿಕದಲ್ಲಿ ಇಟಲಿಯ ಬಡ ವಲಸಿಗರು ದಿಕ್ಕಿಲ್ಲದೆ ಇದ್ದರು. 1889ರಲ್ಲಿ ನ್ಯೂಯಾರ್ಕ್ ತಲುಪಿದ ಈ ತಾಯಿ, ಕೃಶ ದೇಹದಲ್ಲೇ 67 ಶಾಲೆ, ಆಸ್ಪತ್ರೆ, ಅನಾಥಾಲಯಗಳಂಥ ಸಂಸ್ಥೆಗಳನ್ನು ಕಟ್ಟಿದರು. 1946ರಲ್ಲಿ ಸಂತ ಪದವಿಗೇರಿದರು, 1950ರಲ್ಲಿ ವಲಸಿಗರ ಪಾಲಕಿಯಾದರು. ಚೀನಾವನ್ನು ಕಾಣಲೇ ಇಲ್ಲ. ಹೆಸರು ಕ್ಸೇವಿಯರರದು, ದಾರಿ ಮಾತ್ರ ಅವರದೇ.

ಪಟ್ಟಿ ಇನ್ನೂ ಇದೆ. ಫಾತಿಮದ ಕುರಿಗಾಹಿ ಬಾಲಕ ಫ್ರಾನ್ಸಿಸ್ಕೊ ಮಾರ್ತೊ 1919ರಲ್ಲಿ ಇನ್ನೂ ಹತ್ತು ವರ್ಷದವನಿದ್ದಾಗ ಇನ್‌ಫ್ಲುಯೆಂಜಾ ಮಹಾಮಾರಿಗೆ ಬಲಿಯಾದ. ಸಭೆ ಕಟ್ಟಲಿಲ್ಲ, ಪುಸ್ತಕ ಬರೆಯಲಿಲ್ಲ, ಜಪಮಾಲೆ ಹೇಳುತ್ತಾ ನೋವು ಸಹಿಸಿದ, ಅಷ್ಟೇ. 2017ರಲ್ಲಿ ಅವನನ್ನು ಸಂತನೆಂದು ಸಾರಿದವರು ಪೋಪ್ ಫ್ರಾನ್ಸಿಸ್. ಅವರಿಗೆ ತಾಯಿ ತಂದೆ ಇಟ್ಟ ಹೆಸರು ಜಾರ್ಜ್ ಮಾರಿಯೊ. ಯೇಸುಸಭೆಯವರಾದ್ದರಿಂದ 2013ರಲ್ಲಿ ಅವರು ಆಯ್ದುಕೊಂಡದ್ದು ಕ್ಸೇವಿಯರರ ಹೆಸರೆಂದು ಕೆಲವರು ಊಹಿಸಿದರು. ಅವರೇ ಸ್ಪಷ್ಟಪಡಿಸಿದರು: ಬಡವರನ್ನು ಮರೆಯಬೇಡಿ ಎಂದು ಗೆಳೆಯರಾದ ಕಾರ್ಡಿನಲ್ ಒಬ್ಬರು ಹೇಳಿದಾಗ ಅಸ್ಸಿಸಿಯ ಸಂತರು ನೆನಪಾದರು ಎಂದು. 2025ರ ಏಪ್ರಿಲ್ 21ರಂದು ಅವರು ನಿಧನರಾದರು. ಅವರ ಸರಳ ಸಮಾಧಿಯ ಮೇಲೆ ಇರುವುದು ಒಂದೇ ಪದ: ಫ್ರಾನ್ಸಿಸ್ಕುಸ್.

ಇಬ್ಬರು ಯೂದರು

ಹಾಗಾದರೆ ಒಳ್ಳೆಯ ಹೆಸರಿಟ್ಟರೆ ಸಾಕೇ? ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಪ್ರಭು ಯೇಸುವಿನ ಹನ್ನೆರಡು ಮಂದಿ ಪ್ರೇಷಿತರಲ್ಲೇ ಇಬ್ಬರು ಸಿಮೋನರು, ಇಬ್ಬರು ಯಕೋಬರು, ಇಬ್ಬರು ಯೂದರು. ಒಬ್ಬ ಯೂದ ಗುರುವನ್ನೇ ಹಣಕ್ಕೆ ಒಪ್ಪಿಸಿದ. ಇನ್ನೊಬ್ಬರನ್ನು ನಾವು ಸಂತ ಜೂಡ್ ಎಂದು ಕರೆದು ಕಷ್ಟಕಾಲದಲ್ಲಿ ಮೊರೆಯಿಡುತ್ತೇವೆ. ಕರೆದವರು ಒಬ್ಬರೇ, ಹೆಸರೂ ಒಂದೇ, ಕರೆಗೆ ಕೊಟ್ಟ ಉತ್ತರ ಮಾತ್ರ ಬೇರೆ. ಸಂತ ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ಎರಡನೆಯವರನ್ನು ಹೆಸರಿಸುವಾಗ ಇವನು ಇಸ್ಕರಿಯೋತಿನವನಲ್ಲ ಎಂದು ಎಚ್ಚರಿಕೆಯಿಂದ ಸೇರಿಸುತ್ತಾರೆ.

ನಮ್ಮ ಮನೆಗಳಲ್ಲಿ

ಆದ್ದರಿಂದ ತಾಯಿ ತಂದೆಯರೇ, ಹೆಸರಿಡುವುದು ನಿಮ್ಮ ಹಕ್ಕು, ಸಂತೋಷ, ಜವಾಬ್ದಾರಿ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ 1983ರ ಧರ್ಮಸಭೆಯ ಕಾನೂನು ಸಂಹಿತೆ ಕೇಳುತ್ತದೆ. ಸಂತರ ಹೆಸರಾಗಲಿ, ಜ್ಯೋತಿ, ಶಾಂತಿ, ಕರುಣಾ ಎಂಬಂಥ ನಮ್ಮ ನುಡಿಯ ಹೆಸರಾಗಲಿ ಇಡಬಹುದು. ಆದರೆ ಹೆಸರಿನೊಂದಿಗೆ ಮಗುವಿನ ಇಡೀ ಬದುಕನ್ನು ಬರೆದಿಡಬೇಡಿ. “ಎಂಥವರ ಹೆಸರಿಟ್ಟಿದ್ದೇವೆ, ನೀನು ನೋಡು ಹೀಗೆ” ಎಂದು ಸಂತರನ್ನು ಬೆತ್ತದಂತೆ ಬಳಸಿದರೆ ಮಗು ಆ ಸಂತರಿಂದಲೇ ದೂರವಾಗುತ್ತದೆ.

ಬದಲಿಗೆ ಆ ಹೆಸರಿನ ಕಥೆ ಹೇಳಿ. ತಾತನ ಹೆಸರಾದರೆ ತಾತ ಹೇಗೆ ಬಾಳಿದರೆಂದು ಹೇಳಿ. ಮಗುವಿನ ಹೆಸರಿನ ಸಂತರ ಹಬ್ಬದಂದು ಮನೆಯಲ್ಲಿ ಒಂದು ದೀಪ ಹಚ್ಚಿ ಒಟ್ಟಿಗೆ ಪ್ರಾರ್ಥಿಸಿ.

ಮುಂದಿನ ಭಾನುವಾರ ಆ ತಾಯಿಗೆ ಪಾವ್ಲಾದ ಹುಡುಗನ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಗೋವೆಗೆ ಇನ್ನೊಮ್ಮೆ ಹೋಗಿ ಬರುತ್ತೇವೆ, ಇವನನ್ನೂ ಕರೆದುಕೊಂಡು. ಏನಾಗಬೇಕು ಅಂತ ಇವನೇ ಸಂತರ ಹತ್ತಿರ ಕೇಳಿಕೊಳ್ಳಲಿ” ಎಂದರು. ಹುಡುಗ ತಲೆಯೆತ್ತಿ ಅಮ್ಮನ ಮುಖ ನೋಡಿದ.

ಕುಟುಂಬದಲ್ಲಿ ಮಾತಾಡಲು

1. ನಿಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಆ ಹೆಸರನ್ನು ಇಟ್ಟವರು ಯಾರು? ಏಕೆ? ಮಕ್ಕಳಿಗೆ ಅದು ಗೊತ್ತಿದೆಯೇ?

2. ನಿಮ್ಮ ಹೆಸರನ್ನೇ ಹೊತ್ತ ಬೇರೆ ಬೇರೆ ಸಂತರನ್ನು ಹುಡುಕಿ. ಅವರ ಕೆಲಸಗಳಲ್ಲಿ ಯಾವುದು ನಿಮ್ಮ ಮನಸ್ಸಿಗೆ ಹತ್ತಿರವಾಗಿದೆ?

3. ಮಕ್ಕಳ ಮೇಲೆ ನಾವು ಹೊರಿಸಿರುವ ಆಸೆಗಳಲ್ಲಿ ದೇವರ ಕರೆ ಯಾವುದು, ನಮ್ಮ ಹಟ ಯಾವುದು?